ಎಪ್ಪತ್ತೆಂಟು ಕಿಲೋ ಜೋಳ

ಚಾಲಕನ ಸೀಟಿನಲ್ಲಿ ಕೂತಿದ್ದ ಎರಡು ಜೋಳದ ಚೀಲಗಳ ಬಗ್ಗೆ ಕೇಶವಮೂರ್ತಿಗೆ ಇದ್ದಷ್ಟು ಗೌರವ ಆ ಸೀಟಿನಲ್ಲಿ ನಿಜವಾಗಿ ಕೂರಬೇಕಾದ ಮನುಷ್ಯನ ಬಗ್ಗೆ ಇರಲಿಲ್ಲ. ಚೀಲಗಳು ಮಾತಾಡುತ್ತಿರಲಿಲ್ಲ. ತಿರುವಿನಲ್ಲಿ ಗಾಡಿಯ ಮೂಗು ಹೊರಕ್ಕೆ ಹೋಗುತ್ತೆ ಅಂಕಲ್ ಎಂದು ರಾಗ ಎಳೆಯುತ್ತಿರಲಿಲ್ಲ, ಹೆಲ್ಮೆಟ್ಟು ಕಂಕುಳಲ್ಲಿಟ್ಟುಕೊಂಡು ತಮ್ಮ ಫೋಟೋ ತಾವೇ ತೆಗೆದುಕೊಳ್ಳುತ್ತಿರಲಿಲ್ಲ, ಪವಾಯಿಯ ಆಫೀಸಿನೊಳಗೆ ಕೂತೇ ಪವಾಯಿ ಬಿಟ್ಟೆ ಎಂದು ಮೆಸೇಜು ಕಳಿಸುತ್ತಿರಲಿಲ್ಲ. ಬೆಲ್ಟು ಬಿಗಿದರೆ ಬಿಗಿಸಿಕೊಂಡು, ಬಿಚ್ಚಿದರೆ ಬಿಚ್ಚಿಸಿಕೊಂಡು, ಸಾಯಂಕಾಲದವರೆಗೆ ಅಲುಗದೆ ಕೂತಿರುತ್ತಿದ್ದವು. ಒಂದು ಐವತ್ತು ಕಿಲೋದ್ದು, ಇನ್ನೊಂದು ಇಪ್ಪತ್ತೆಂಟರದ್ದು. ಎರಡೂ ಸೇರಿದರೆ ವಿಕ್ರಂ. ದೊಡ್ಡ ಚೀಲದ ಮೇಲೆ ಕಪ್ಪು ಮಾರ್ಕರಿನಲ್ಲಿ ಹಾಗೆಂದೇ ಬರೆದಿತ್ತು: ವಿಕ್ರಂ, 78. ಬರೆದವನು ಕೇಶವಮೂರ್ತಿಯೇ. ಬರೆಯದೆ ಬಿಟ್ಟಿದ್ದರೆ ಅಣವೀರಪ್ಪನ ಹೆಂಡತಿ ಸುಂದ್ರವ್ವ ಅಷ್ಟನ್ನೂ ಬೀಸಿಸಿ ರೊಟ್ಟಿ ತಟ್ಟಿ ಎಸ್ಟೇಟಿನ ಕೆಲಸಗಾರರಿಗೆ ಮಾರಿಬಿಡುತ್ತಿದ್ದಳು ಎನ್ನುವುದರಲ್ಲಿ ಅವನಿಗೆ ಅನುಮಾನವಿರಲಿಲ್ಲ.

ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಆ ಗಾಳಾ, ಒಂದೇ ಕೋಣೆಯ ಗ್ಯಾರೇಜು, ಫಿಟ್ಟರು ಅಣವೀರಪ್ಪನದು. ಅಂದರೆ ಬಾಡಿಗೆಗೆ ಅವನದು. ಎಡಕ್ಕೆ ಬಕೆಟ್ಟಿನ ಹಿಡಿಕೆ ಮಾಡುವವರು, ಬಲಕ್ಕೆ ದೇವರ ಫೋಟೋಗಳಿಗೆ ಕಟ್ಟು ಹಾಕುವವರು. ನಡುವೆ, ಹದಿನಾಲ್ಕು ಅಡಿ ಅಗಲದ ಶೆಟರಿನ ಹಿಂದೆ, ಹನ್ನೆರಡು ವರ್ಷ ಹಳೆಯ ಒಂದು ಪುಟ್ಟ ಕಾರು ಒಳಗಿನ ಮೆತ್ತೆ, ಹಿಂದಿನ ಸೀಟು, ಕಿವಿಗೆ ಹಿತವಾದದ್ದೆಲ್ಲ ಕಿತ್ತು ಬಿಸಾಕಿಸಿಕೊಂಡು ತಾನೊಂದು ರೇಸಿನ ಗಾಡಿ ಎಂದು ನಂಬಿ ನಿಂತಿತ್ತು. ನಾಲ್ಕು ಚಕ್ರಗಳ ಕೆಳಗೆ ನಾಲ್ಕು ತೂಕ ನೋಡುವ ಹಲಗೆ, ಹಲಗೆಗಳ ಕೆಳಗೆ ನೆಲದ ಓರೆ ಸರಿಮಾಡಲು ಒಡೆದ ಟೈಲ್ಸು. ಆ ಟೈಲ್ಸನ್ನು ಅಣವೀರಪ್ಪ ಗಾರೆಯವರ ಹಾಗೆ ಒಂದು ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಎರಡು ತುದಿ ಹಿಡಿದು ಮಟ್ಟ ನೋಡಿ ಕೂರಿಸಿದ್ದ. ಕೇಶವಮೂರ್ತಿ ಅದನ್ನು ಕಂಡು ನಕ್ಕು, ಜರ್ಮನಿಯಿಂದ ತರಿಸಿದ ತನ್ನ ಡಿಜಿಟಲ್ ಮಟ್ಟಗೋಲು ಇಟ್ಟು ನೋಡಿದ್ದ. ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆ ಸಂಗತಿಯನ್ನು ಅವನು ಯಾರಿಗೂ ಹೇಳುವ ಅಗತ್ಯ ಕಾಣಲಿಲ್ಲ.

ವಿಕ್ರಂ ಸಿಕ್ಕಿದ್ದು ಚೆಂಬೂರಿನ ಒಂದು ಮದುವೆಯ ಊಟದ ಪಂಕ್ತಿಯಲ್ಲಿ. ಬೆಂಗಳೂರಿನವರ ಮಗ, ಮೂವತ್ತಾರು ವಯಸ್ಸು, ವಾರದಲ್ಲಿ ಐದು ದಿನ ಇತರರ ಸ್ಲೈಡುಗಳಲ್ಲಿ ಬಾಣದ ಗುರುತು ಹಾಕುವ ಉದ್ಯೋಗ, ತಿಂಗಳಿಗೊಮ್ಮೆ ಕೊಯಮತ್ತೂರಿನಲ್ಲಿ ಹವ್ಯಾಸಿಗಳ ಕಾರ್ ರೇಸು. ಈ ಅಂಕಲ್ ಶಾಕ್ ಅಬ್ಸಾರ್ಬರ್ ಕಂಪನಿಯಲ್ಲಿ ಮೂವತ್ತೊಂದು ವರ್ಷ ಟೆಸ್ಟಿಂಗಿನಲ್ಲಿದ್ದರು ಎಂದು ಯಾರೋ ಹೇಳಿದ್ದೇ ತಡ, ಎಂಜಲು ಕೈಯಲ್ಲೇ ತನ್ನ ಗಾಡಿಯ ಕಷ್ಟ ತೋಡಿಕೊಂಡಿದ್ದ. ಅಂದಿನಿಂದ ಒಂದೂವರೆ ವರ್ಷ. ಪ್ರತಿ ರೇಸಿನ ಮುಂಚಿನ ಗುರುವಾರ ಕೇಶವಮೂರ್ತಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮೊಸರನ್ನದ ಡಬ್ಬಿ ಹಿಡಿದು, ಎರಡು ಲೋಕಲ್ ಬದಲಾಯಿಸಿ ಕಾಂದಿವಲಿಗೆ ಬರುತ್ತಾನೆ. ಹಣ ಮುಟ್ಟುವುದಿಲ್ಲ. ಹಣ ಮುಟ್ಟಿದರೆ ಮೆಕ್ಯಾನಿಕ್ಕು, ಮುಟ್ಟದಿದ್ದರೆ ತಜ್ಞ; ಅಷ್ಟು ತಿಳುವಳಿಕೆ ಅವನಿಗಿತ್ತು. ಗುರುವಾರ ಇಲ್ಲದ ಮಿಕ್ಕ ದಿನಗಳಲ್ಲಿ ಅವನ ಬಿಲ್ಡಿಂಗಿನ ಕಾಂಪೌಂಡಿನಲ್ಲಿ ಒಂದು ಸಿಮೆಂಟಿನ ಬೆಂಚು ಇತ್ತು. ಅದರ ಮೇಲೆ ನಾಲ್ಕು ಜನ ನಿವೃತ್ತರು ಕೂತು ತಮ್ಮ ಸಕ್ಕರೆಯ ಅಂಕಿಗಳನ್ನು ಪರೀಕ್ಷೆಯ ಮಾರ್ಕ್ಸಿನ ಹಾಗೆ ಹೇಳಿಕೊಳ್ಳುತ್ತ, ಬನ್ನಿ ಮೂರ್ತಿಗಳೇ, ಜಾಗ ಇದೆ ಎಂದು ಪ್ರತಿದಿನ ಸರಿದು ಕೂರುತ್ತಿದ್ದರು. ಆ ಸರಿದು ಕೊಟ್ಟ ಒಂದೂವರೆ ಅಡಿ ಜಾಗ ಅವನ ಕನಸಿನಲ್ಲೂ ಬರುತ್ತಿತ್ತು.

ಹೋದವಾರ ವಿಕ್ರಂನಿಂದ ಒಂದು ಮೆಸೇಜು ಬಂದಿತ್ತು. ಪುಣೆಯಲ್ಲಿ ರೋಹಿತ್ ಎಂಬವನೊಬ್ಬ ಇದ್ದಾನಂತೆ, ಲ್ಯಾಪ್‌ಟಾಪು ತಗುಲಿಸಿ ಪ್ರತಿ ಚಕ್ರದ ಏರಿಳಿತ ಗೆರೆ ಎಳೆದು ತೋರಿಸುತ್ತಾನಂತೆ, ಮುಂದಿನ ಸೀಸನ್ನಿಗೆ ಅವನನ್ನು ನೋಡೋಣವೆ, ಜಸ್ಟ್ ಡೇಟಾಗೋಸ್ಕರ ಅಂಕಲ್, ಈ ರೇಸ್ ಆದ್ಮೇಲೆ ಡಿಸೈಡ್ ಮಾಡೋಣ. ಕೊನೆಯಲ್ಲಿ ಕೈಮುಗಿದ ಒಂದು ಚಿತ್ರ. ಕೇಶವಮೂರ್ತಿ ಮೆಸೇಜನ್ನು ಹೆಂಡತಿ ಪ್ರಿಯಂವದಾಳಿಗೆ ತೋರಿಸಲಿಲ್ಲ. ತೋರಿಸಿದ್ದರೆ, ಒಳ್ಳೇದಾಯ್ತು ಬಿಡಿ, ಗುರುವಾರ ತರಕಾರಿಗೆ ಹೋಗಬಹುದು ಎನ್ನುತ್ತಿದ್ದಳು. ವ್ಯಂಗ್ಯವಿಲ್ಲದೆ ಎನ್ನುತ್ತಿದ್ದಳು, ಅದೇ ತೊಂದರೆ.

ಅವನ ಪಾಲಿಗೆ ಇಡೀ ವಿದ್ಯೆ ಇದ್ದದ್ದು ಒಂದು ಮಿಲಿಮೀಟರಿನಲ್ಲಿ. ಕ್ಲಬ್ಬಿನ ನಿಯಮದ ಪುಸ್ತಕ ಮೂವತ್ತನಾಲ್ಕು ಪುಟ. ಬರೆದವರಿಗೆ ಇಂಜಿನಿಯರಿಂಗೂ ಗೊತ್ತಿರಲಿಲ್ಲ, ಇಂಗ್ಲಿಷೂ ಗೊತ್ತಿರಲಿಲ್ಲ, ಆದರೆ ಒಂದು ಮಾತು ಸ್ಪಷ್ಟವಾಗಿತ್ತು: ಚಾಲಕ ಕೂತಿರುವಾಗ ಗಾಡಿಯ ಅತಿ ಕೆಳಗಿನ ಭಾಗ ನೆಲದಿಂದ ನೂರು ಮಿಲಿಮೀಟರಿಗೆ ಕಡಿಮೆ ಇರಕೂಡದು. ಪರೀಕ್ಷಕ ನೂರು ಮಿಲಿಮೀಟರಿನ ಒಂದು ಕಟ್ಟಿಗೆಯ ದಿಮ್ಮಿ ತಂದು ಹೊಟ್ಟೆಯಡಿ ತಳ್ಳುತ್ತಾನೆ. ದಾಟಿದರೆ ಸರಿ, ತಗುಲಿದರೆ ಮನೆಗೆ. ಗಾಡಿ ಕೆಳಗಿದ್ದಷ್ಟೂ ತಿರುವಿನಲ್ಲಿ ನೆಲ ಕಚ್ಚಿ ಓಡುತ್ತದೆ, ಆದರೆ ದಿಮ್ಮಿಯ ಹೆದರಿಕೆಗೆ ಉಳಿದವರೆಲ್ಲ ನೂರಾ ಏಳು, ನೂರಾ ಹತ್ತು ಇಟ್ಟುಕೊಂಡು ಒಂಟೆಯ ಹಾಗೆ ಓಡಿಸುತ್ತಿದ್ದರು. ಕೇಶವಮೂರ್ತಿ ಇಡುತ್ತಿದ್ದದ್ದು ನೂರಾ ಒಂದು. ನಿಯಮಕ್ಕೂ ತನಗೂ ನಡುವೆ ಒಂದೇ ಮಿಲಿಮೀಟರು. ಅದಕ್ಕಿಂತ ಹೆಚ್ಚು ಅಂತರ ಇಡುವವನು ಹೇಡಿ, ಕಡಿಮೆ ಇಡುವವನು ಕಳ್ಳ. ಇದನ್ನು ಅವನು ವಿಕ್ರಂಗೆ ಎರಡು ಸಲ, ಅಣವೀರಪ್ಪನಿಗೆ ಐದಾರು ಸಲ ಹೇಳಿದ್ದ. ವಿಕ್ರಂ ಅದನ್ನು ತನ್ನ ಇನ್‌ಸ್ಟಾಗ್ರಾಂನಲ್ಲಿ ಹಾಕಿದ್ದ, ಯಾರು ಹೇಳಿದ್ದು ಎಂಬುದನ್ನು ಬಿಟ್ಟು. ಅಣವೀರಪ್ಪ ಪ್ರತಿಸಲವೂ ಮೊದಲ ಸಲ ಕೇಳುವವನಂತೆ, ಹೌದಲ್ರೀ ಸಾಹೇಬ್ರ ಎಂದಿದ್ದ.

ಹೋದ ತಿಂಗಳು ಗಾಡಿ ಮೂರನೆಯದಾಗಿ ಬಂದಿತ್ತು. ಹದಿನೇಳರಲ್ಲಿ ಮೂರು. ಆಗ ಇಟ್ಟ ಅಳತೆ ಹಾಗೆಯೇ ಇರಬೇಕು. ಇಂದು ಒಮ್ಮೆ ನೋಡಿ, ಅಳತೆಯ ಕಾಗದಕ್ಕೆ ಸಹಿ ಹಾಕಿ ಕೊಟ್ಟರೆ ನಾಳೆ ಬೆಳಿಗ್ಗೆ ಟ್ರೇಲರಿನಲ್ಲಿ ಕೊಯಮತ್ತೂರಿಗೆ. ಅವನು ಮಂಡಿಯ ಕೆಳಗೆ ಹಳೆಯ ಪೇಪರು ಹಾಸಿಕೊಂಡು ಬಗ್ಗಿ ಅಳೆದ. ಎಡ ಮುಂದೆ ನೂರಾ ಒಂದು. ಎಡ ಹಿಂದೆ ನೂರಾ ಒಂದು. ಬಲ ಮುಂದೆ ನೂರಾ ಮೂರು. ಬಲ ಹಿಂದೆ ನೂರಾ ಮೂರು. ಕನ್ನಡಕ ಒರೆಸಿಕೊಂಡು ಮತ್ತೆ ಅಳೆದ. ನೂರಾ ಮೂರು. ಎರಡು ಮಿಲಿಮೀಟರು. ಬಸ್ಸಿನಲ್ಲಿ ಯಾರೋ ಜೇಬಿಗೆ ಕೈ ಹಾಕಿದಾಗ ಆಗುವಂತೆ ಅವನ ಮೈ ಬಿಸಿಯಾಯಿತು.

ಮೊದಲು ನೆನಪಾದದ್ದು ಸುಂದ್ರವ್ವ. ಚಾಲಕ ಹಗುರವಾದರೆ ಅವನು ಕೂತ ಕಡೆಯ ಸ್ಪ್ರಿಂಗು ಏಳುತ್ತದೆ. ಎರಡು ಮಿಲಿಮೀಟರು ಏಳಬೇಕಾದರೆ ಹತ್ತು ಹನ್ನೊಂದು ಕಿಲೋ ಹೋಗಿರಬೇಕು, ಅಷ್ಟು ದೊಡ್ಡ ಕಳವು ಕಣ್ಣಿಗೇ ಕಾಣುತ್ತಿತ್ತು ಎಂದು ಅವನ ವಿದ್ಯೆ ಹೇಳಿತು. ಆದರೆ ಆಗಲೇ ಅವನು ಶೆಟರಿನ ಹೊರಗೆ, ಸ್ಟೋವಿನ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವಳೆದುರು ನಿಂತಿದ್ದ.

"ಸುಂದ್ರವ್ವ, ಒಳಗಿನ ಚೀಲ ಯಾರಾದ್ರೂ ಮುಟ್ಟಿದ್ರಾ?"

"ಯಾವ ಚೀಲರೀ?"

"ಹೆಸರು ಬರೆದಿರೋ ಚೀಲ."

ಅವಳು ರೊಟ್ಟಿ ತಿರುವಿ ಹಾಕಿದಳು. "ಅದನ್ನ ಯಾಕ ಮುಟ್ಲಿರೀ. ಒಂದೂವರಿ ವರ್ಸದ ಜ್ವಾಳ, ಹುಳಾ ಬಿದ್ದಾವ. ನಿಮ್ಮ ಡ್ರೈವರನ್ನ ರೊಟ್ಟಿ ಮಾಡಿದ್ರ ಯಾರ ತಿಂತಾರ?"

ಫೋಟೋ ಕಟ್ಟಿನ ಅಂಗಡಿಯ ಇಬ್ಬರು ರೊಟ್ಟಿಗೆ ಕಾಯುತ್ತಿದ್ದವರು ಕನ್ನಡ ತಿಳಿಯದೆಯೂ ನಕ್ಕರು. ಕೇಶವಮೂರ್ತಿ ಒಳಗೆ ಬಂದು ಬೆಲ್ಟು ಬಿಚ್ಚಿ, ಚೀಲಗಳನ್ನು ಒಂದೊಂದಾಗಿ ಎಳೆದು ತೂಕ ನೋಡಿದ. ಇಪ್ಪತ್ತೆಂಟು. ಐವತ್ತು. ವಿಕ್ರಂ ಹುಳು ಸಮೇತ ಸರಿಯಾಗಿದ್ದ. ಐವತ್ತರ ಚೀಲವನ್ನು ಮತ್ತೆ ಸೀಟಿಗೆ ಏರಿಸುವಾಗ ಸೊಂಟದಲ್ಲಿ ಏನೋ ಕಿಟಕ್ಕೆಂದಿತು. ಆ ನೋವನ್ನೂ ಅವನು ಸುಂದ್ರವ್ವನ ಹೆಸರಿಗೆ ಬರೆದುಕೊಂಡ.

ಆಮೇಲೆ ಟಾರ್ಚು ಹಿಡಿದು ಬಲಗಡೆಯ ಚಕ್ರದ ಹಿಂದೆ ತಲೆ ತೂರಿಸಿದ. ಸ್ಪ್ರಿಂಗಿನ ಕೆಳಗೆ ಒಂದು ಅಲ್ಯುಮಿನಿಯಂ ರಿಂಗು. ಅದನ್ನು ತಿರುಗಿಸಿದರೆ ಗಾಡಿ ಏಳುತ್ತದೆ, ಇಳಿಯುತ್ತದೆ. ಅಳತೆ ಮುಗಿದ ಮೇಲೆ ರಿಂಗಿನಿಂದ ಕೊಳವೆಯವರೆಗೆ ಅಡ್ಡಲಾಗಿ ಒಂದು ಗೆರೆ ಬಣ್ಣ ಹಚ್ಚುವುದು ಅವನ ಪದ್ಧತಿ. ಯಾರಾದರೂ ತಿರುಗಿಸಿದರೆ ಗೆರೆ ಮುರಿಯುತ್ತದೆ. ಬಣ್ಣವೆಂದರೆ ಮಗಳು ತನುಶ್ರೀ ಯಾವುದೋ ಸಮಾರಂಭಕ್ಕೆ ತಂದು, ಒಂದು ಸಲ ಹಚ್ಚಿ, ಛೀ ಎಂದು ಬಿಸಾಡಿದ್ದ ಹವಳದ ಬಣ್ಣದ ನೈಲ್ ಪಾಲಿಶು. ಆ ಬಣ್ಣ ಈಗ ಅಂಗಡಿಯಲ್ಲಿ ಸಿಗುವುದಿಲ್ಲ ಎನ್ನುವುದು ಅವನಿಗೊಂದು ಸಮಾಧಾನವಾಗಿತ್ತು. ಗೆರೆ ಅಲ್ಲೇ ಇತ್ತು. ಮುರಿದಿರಲಿಲ್ಲ. ನೇರವಾಗಿ, ಅಚ್ಚುಕಟ್ಟಾಗಿ, ಹವಳದ ಬಣ್ಣದಲ್ಲೇ ಇತ್ತು. ಟಾರ್ಚನ್ನು ಸ್ವಲ್ಪ ಓರೆ ಮಾಡಿದಾಗ ಅದು ಮಿರಮಿರ ಮಿನುಗಿತು.

ತನುಶ್ರೀಯ ಬಾಟಲಿಯಲ್ಲಿ ಮಿನುಗು ಇರಲಿಲ್ಲ.

ಹಿಂದಿನ ರಿಂಗನ್ನೂ ನೋಡಿದ. ಅಲ್ಲೂ ಮಿನುಗು. ಉಗುರಿನಿಂದ ಕೆರೆದ, ಹೊಸ ಗೆರೆಯ ಅಡಿಯಲ್ಲಿ, ಸರಿಯಾಗಿ ಒಂದು ಸುತ್ತು ತಿರುಗಿ ಬಂದು ಮತ್ತೆ ಅದೇ ಜಾಗಕ್ಕೆ ಸೇರಿದ್ದ ಅವನ ಹಳೆಯ ಗೆರೆಯ ಚೂರುಗಳು ಸಿಕ್ಕವು. ಒಂದು ಸುತ್ತೆಂದರೆ ಎರಡು ಮಿಲಿಮೀಟರು. ಅಣವೀರಪ್ಪನ ಮಗಳು ಸೋನಾಲಿ ಕಾಲೇಜಿನಿಂದ ಬರುವಾಗ ಬೆರಳುಗಳನ್ನು ಹಾಗೆ ಮಿನುಗಿಸಿಕೊಂಡು ಬರುವುದನ್ನು ಅವನು ನೋಡಿದ್ದ, ನೋಡಿ ಕೆಳಮಟ್ಟದ ಅಭಿರುಚಿ ಎಂದುಕೊಂಡಿದ್ದ. ಹಾಗಾದರೆ ಕೊಯಮತ್ತೂರಿನಲ್ಲಿ ಮೂರನೆಯದಾಗಿ ಬಂದದ್ದು ಅವನ ಅಳತೆಯ ಗಾಡಿಯಲ್ಲ. ಬಂದ ಮಾರನೆಯ ದಿನ ವಿಕ್ರಂ ಫೋನಿನಲ್ಲಿ, ಅಂಕಲ್ ಯೂ ಆರ್ ಎ ಜೀನಿಯಸ್ ಎಂದಿದ್ದ, ಇವನು ಏನಿಲ್ಲಪ್ಪ, ಒಂದು ಮಿಲಿಮೀಟರು ಅಷ್ಟೆ ಎಂದಿದ್ದ, ಆಮೇಲೆ ಆ ಮಾತನ್ನು ಬೆಂಚಿನ ನಿವೃತ್ತರ ಮುಂದೆ ಹಾದುಹೋಗುವಾಗ ನಿಂತು ಮತ್ತೊಮ್ಮೆ ಹೇಳಿದ್ದ. ಎಂಟನೇ ಕ್ಲಾಸು ಪಾಸಾಗದ, ಮುಂಬಯಿಗೆ ಬಂದು ಇಪ್ಪತ್ತು ವರ್ಷವಾದರೂ ಇಂಡಿ ತಾಲ್ಲೂಕಿನಿಂದ ನಿನ್ನೆ ಬಂದವನಂತೆ ಮಾತಾಡುವ, ಜಾಕಿಗೆ ಊದುಬತ್ತಿ ಬೆಳಗುವ ಒಬ್ಬ ಫಿಟ್ಟರು ಆಗಲೇ ರಿಂಗು ತಿರುಗಿಸಿ, ಮೇಲೆ ಬಣ್ಣ ಬಳಿದು, ಹೌದಲ್ರೀ ಸಾಹೇಬ್ರ ಎನ್ನುತ್ತ ನಿಂತಿದ್ದ.

ಕಂಪನಿಯ ಥಾಣೆಯ ಲ್ಯಾಬಿನಲ್ಲಿ ಧರ್ಮಣ್ಣನೂ ಹೀಗೆಯೇ ಬಾಗಿಲ ಪಕ್ಕ ನಿಲ್ಲುತ್ತಿದ್ದ. ಕಾರ್ಕಳದ ಕಡೆಯವನು, ಫಿಟ್ಟರು. ಯಂತ್ರದ ಮೇಲೆ ನಿಮಿಷಕ್ಕೆ ನೂರು ಸಲ ಏರಿಳಿಯುತ್ತಿದ್ದ ಹೊಸ ಮಾಡೆಲ್ಲಿನ ಶಾಕ್ ಅಬ್ಸಾರ್ಬರಿಗೆ ಕಿವಿ ಕೊಟ್ಟು, ಇದು ಕೆಮ್ಮುತ್ತದೆ ಸಾರ್, ಒಳಗೆ ವಾಲ್ವಿನ ಹತ್ತಿರ ಉಂಟು ಏನೋ ಎಂದಿದ್ದ. ಗ್ರಾಫಿನಲ್ಲಿ ಏನೂ ಇರಲಿಲ್ಲ. ಗ್ರಾಫಿನಲ್ಲಿ ಇಲ್ಲದ್ದು ಇಲ್ಲ ಎಂದು ಕೇಶವಮೂರ್ತಿ ಅವನನ್ನು ಹೊರಗೆ ಕಳಿಸಿ, ಊಟದ ಬಿಡುವಿನಲ್ಲಿ ಒಬ್ಬನೇ ಬಿಚ್ಚಿ ನೋಡಿದ್ದ. ವಾಲ್ವಿನ ಹತ್ತಿರ ಕೂದಲಿನಂಥ ಬಿರುಕು. ವರದಿ ನಾಲ್ಕು ಪುಟವಾಯಿತು. ವಾರ್ಷಿಕೋತ್ಸವದಲ್ಲಿ ಅವನಿಗೆ ಬೆಳ್ಳಿಯ ಬಣ್ಣದ ಒಂದು ಫಲಕ ಕೊಟ್ಟರು. ಹಿಂದಿನ ಸಾಲಿನಲ್ಲಿ ಧರ್ಮಣ್ಣ ಚಪ್ಪಾಳೆ ತಟ್ಟಿದ, ಎಲ್ಲರೂ ನಿಲ್ಲಿಸಿದ ಮೇಲೂ ಎರಡು ತಟ್ಟಿದ. ಫಲಕ ಚೆಂಬೂರಿನ ಮನೆಯ ಬಾಗಿಲ ಹಿಂದೆ ಇದೆ. ಪ್ರಿಯಂವದಾ ಅದರ ಮೇಲಿನ ಮೊಳೆಗೆ ಬೀಗದ ಕೈ ನೇತುಹಾಕುತ್ತಾಳೆ. ಬೀಗದ ಕೈ ತೆಗೆಯುವಾಗಲೆಲ್ಲ ಅದು ಎರಡು ಸಲ ಗೋಡೆಗೆ ಬಡಿಯುತ್ತದೆ.

"ಛಾ ತಗೊಳ್ರಿ ಸಾಹೇಬ್ರ." ಅಣವೀರಪ್ಪ ಪಕ್ಕದ ಲೇಥಿನವರಲ್ಲಿ ಏನೋ ಕೆಲಸ ಮುಗಿಸಿ ಬಂದಿದ್ದ. ಎರಡು ಗ್ಲಾಸು ಒಂದೇ ಕೈಯಲ್ಲಿ, ಇನ್ನೊಂದು ಕೈಯಲ್ಲಿ ಬೇರಿಂಗು. "ಅಳತಿ ಎಲ್ಲಾ ಬರೋಬ್ಬರಿ ಐತೇನ್ರಿ?"

ಕೇಶವಮೂರ್ತಿ ಅವನ ಮುಖ ನೋಡಿದ. ಅಗಲ ಮುಖ, ಕಿವಿಯಲ್ಲಿ ಕೂದಲು, ಹಣೆಯಲ್ಲಿ ಬೆವರಿಗೆ ಅರ್ಧ ಅಳಿಸಿದ ವಿಭೂತಿ. ಕಳ್ಳನ ಮುಖದಲ್ಲಿ ಇರಬೇಕಾದದ್ದು ಯಾವುದೂ ಅಲ್ಲಿರಲಿಲ್ಲ. "ನೋಡ್ತಿದೀನಿ," ಎಂದ.

"ನೋಡ್ರಿ, ನೋಡ್ರಿ. ಅವಸರಿಲ್ಲ."

ಅವಸರಿಲ್ಲವಂತೆ. ಕೇಶವಮೂರ್ತಿ ಚಹಾದ ಗ್ಲಾಸನ್ನು ಬಾನೆಟ್ಟಿನ ಮೇಲಿಟ್ಟು ಹೊರಗೆ ಹೋಗಿ ಫೋನು ಮಾಡಿದ. ವಿಕ್ರಂ, ಇವತ್ತು ನೀನು ಬರಲೇಬೇಕು, ಹೆಲ್ಮೆಟ್ಟು ಬಟ್ಟೆ ಎಲ್ಲ ಹಾಕಿಕೊಂಡು ಕೂರಬೇಕು, ಒಂದು ಮುಖ್ಯವಾದ ವಿಷಯ ಮಾತಾಡಬೇಕು, ಫೋನಿನಲ್ಲಲ್ಲ. ಎದುರಿಗೇ ಆಗಬೇಕು, ಅಳತೆ ತೋರಿಸಿ, ಗೆರೆ ಕೆರೆದು ತೋರಿಸಿ. ತಜ್ಞನ ಬೆನ್ನ ಹಿಂದೆ ಅಳತೆ ಬದಲಿಸುವ ಗ್ಯಾರೇಜಿನಲ್ಲಿ ಗಾಡಿ ಇಡಬಾರದು. ಈಗ ಹೇಳದಿದ್ದರೆ ನಾಳೆ ಆ ಪುಣೆಯವನು ಲ್ಯಾಪ್‌ಟಾಪು ತಗುಲಿಸಿದ ಮೊದಲ ದಿನವೇ ತನ್ನ ಅಳತೆಯ ಪುಸ್ತಕದ ಅಂಕಿಗೂ ಗಾಡಿಯ ಅಂಕಿಗೂ ತಾಳೆಯಾಗುವುದಿಲ್ಲ ಎಂದು ಹೇಳುತ್ತಾನೆ. ಆಮೇಲೆ ಕಾಂಪೌಂಡಿನ ಬೆಂಚು. ಊಟದ ಹೊತ್ತಿನಲ್ಲಿ ಸುಂದ್ರವ್ವ, ಬೆಳಿಗ್ಗೆಯದನ್ನು ಮರೆತವಳಂತೆ, ಒಂದು ರೊಟ್ಟಿ, ಎಣ್ಣೆಗಾಯಿ ತಟ್ಟೆಯಲ್ಲಿ ತಂದಿಟ್ಟಳು. ಅವನು ತನ್ನ ಮೊಸರನ್ನ ಮುಗಿಸಿ, ತಟ್ಟೆ ಮುಟ್ಟದೆ, ಅದರ ಮೇಲೊಂದು ಪೇಪರು ಮುಚ್ಚಿದ. ಸ್ವಲ್ಪ ಹೊತ್ತಿಗೆ ಪೇಪರಿನ ಮೇಲೆ ಎಣ್ಣೆಯ ಕಲೆ ನಿಧಾನವಾಗಿ ಹರಡಿಕೊಂಡಿತು.

ಮೂರಕ್ಕೆ ಬರಬೇಕಿದ್ದ ವಿಕ್ರಂ ಐದೂಕಾಲಿಗೆ ಬಂದ. "ಸಾರಿ ಅಂಕಲ್, ಸಾರಿ. ಲಿಂಕ್ ರೋಡ್ ಪೂರಾ ಜಾಮ್. ನಾನ್ ಯಾಕೆ ಕೂತ್ಕೋಬೇಕು, ಬೋರಾ ಹೈ ನಾ? ನನ್ನ ಬೋರಿ?" ಎಂದು ತನ್ನ ಹೆಸರಿನ ಚೀಲ ತೋರಿಸಿ ನಕ್ಕ.

"ಚೀಲ ರೇಸಿಗೆ ಹೋಗಲ್ಲಪ್ಪ. ನೀನು ಹೋಗೋದು."

"ಏನೋ ಸೀರಿಯಸ್ ವಿಷ್ಯ ಅಂದ್ರಿ?"

"ಮೊದಲು ಕೂತ್ಕೋ. ಆಮೇಲೆ ಹೇಳ್ತೀನಿ."

ಅಣವೀರಪ್ಪ ಚೀಲಗಳನ್ನು ಮಗುವಿನಂತೆ ಎತ್ತಿ ಇಳಿಸಿ ಬದಿಗಿಟ್ಟ. ವಿಕ್ರಂ ಬೆಂಕಿ ತಾಗದ ರೇಸಿನ ಕೆಂಪು ಅಂಗಿ, ಬೂಟು, ಹೆಲ್ಮೆಟ್ಟು ತೊಟ್ಟು, ಗಾಡಿಯೊಳಗಿನ ರಕ್ಷಣೆಯ ಕಂಬಿಗಳ ನಡುವೆ ಕಾಲು ತೂರಿಸಿ, ಏದುಸಿರು ಬಿಡುತ್ತ ಸೀಟಿಗೆ ಇಳಿದ. ತೂಕದ ಹಲಗೆಗಳ ಪರದೆಯಲ್ಲಿ ಅಂಕಿಗಳು ಓಡಾಡಿ ನಿಂತವು. ಚೀಲಗಳಿದ್ದಾಗ ಎಂಟುನೂರ ಅರವತ್ತೆಂಟು ಇದ್ದದ್ದು ಈಗ ಎಂಟುನೂರ ಎಪ್ಪತ್ತೊಂಬತ್ತು.  ಹನ್ನೊಂದು ಕಿಲೋ. ಎಪ್ಪತ್ತೆಂಟು ಅಂದವನು ಎಂಬತ್ತೊಂಬತ್ತು. ಮೊದಲು ಬಂದದ್ದು ಸಂತೋಷ. ಬಹಳ ದಿನಗಳ ಮೇಲೆ ಬಂದ ನಿರ್ಮಲವಾದ ಸಂತೋಷ. ತನ್ನ ತೂಕದ ಬಗ್ಗೆ ತನ್ನ ಇಂಜಿನಿಯರಿಗೇ ಸುಳ್ಳು ಹೇಳುವ ಗಂಡಸು. ಒಂದೂವರೆ ವರ್ಷದಿಂದ ಜೋಳ ತನ್ನ ಮಾತಿಗೆ ನಿಂತಿತ್ತು, ಇವನು ನಿಂತಿರಲಿಲ್ಲ.

"ಶೂಸ್ ಇದೆ ಅಂಕಲ್," ಹೆಲ್ಮೆಟ್ಟಿನೊಳಗಿಂದ ವಿಕ್ರಂ ಹೇಳಿದ. "ಹೆಲ್ಮೆಟ್ ಇದೆ. ಸೂಟ್ ಭಾರಿ."

"ಹೆಲ್ಮೆಟ್ಟು ಒಂದೂವರೆ ಕಿಲೋ. ಬೂಟು ಒಂದು. ಉಳಿದದ್ದು?"

"ದಿವಾಲಿ," ಎಂದ ವಿಕ್ರಂ.

ದೀಪಾವಳಿ ಕಳೆದು ಐದು ತಿಂಗಳಾಗಿತ್ತು. ಕೇಶವಮೂರ್ತಿ ಅದನ್ನು ಹೇಳುವವನಿದ್ದ. ಹೇಳುವಷ್ಟರಲ್ಲಿ ಎರಡನೆಯ ಲೆಕ್ಕ, ಯಾರೂ ಕರೆಯದೆ, ತಾನಾಗಿ ಬಂದು ನಿಂತಿತು. ಹನ್ನೊಂದು ಕಿಲೋ ಹೆಚ್ಚಾದರೆ ಬಲಗಡೆ ಎರಡು ಮಿಲಿಮೀಟರು ಕೂರುತ್ತದೆ. ಅವನ ನೂರಾ ಒಂದು ತೊಂಬತ್ತೊಂಬತ್ತಾಗುತ್ತದೆ. ದಿಮ್ಮಿ ತಗುಲುತ್ತದೆ. ಹೋದ ತಿಂಗಳು, ಪರೀಕ್ಷಕನ ಮುಂದೆ, ಹದಿನಾರು ಜನ ಹೇಡಿಗಳ ಒಂಟೆಗಳು ದಾಟಿಹೋದ ಮೇಲೆ ಅವನ ಗಾಡಿಯ ಹೊಟ್ಟೆಗೆ ದಿಮ್ಮಿ ಟಕ್ಕೆಂದು ತಗುಲಬೇಕಾಗಿತ್ತು. ತಗುಲಿರಲಿಲ್ಲ. ಅವನು ಮಂಡಿಯೂರಿ, ಸೊಂಟದ ನೋವಿನೊಡನೆ ಬಗ್ಗಿ, ಬಲಗಡೆ ಅಳೆದ. ಎಷ್ಟು ಬರುತ್ತದೆಂದು ಅಳೆಯುವ ಮೊದಲೇ ಗೊತ್ತಿತ್ತು. ನೂರಾ ಒಂದು. ಮುಂದೆಯೂ, ಹಿಂದೆಯೂ. ಬೆಲ್ಟು ಬಿಗಿಯುವವನು ಅಣವೀರಪ್ಪ. ಬೆಲ್ಟು ಎಷ್ಟು ಬೆರಳು ಸಡಿಲಿಸಬೇಕಾಯಿತೆಂದು ಅವನಿಗೆ ಗೊತ್ತಿರುತ್ತದೆ. ಎರಡು ಸುತ್ತಲ್ಲ, ಅರ್ಧ ಸುತ್ತಲ್ಲ, ಕಣ್ಣಳತೆಯಲ್ಲಿ ನೂರಾ ಐದಲ್ಲ. ಸರಿಯಾಗಿ ಒಂದು ಸುತ್ತು. ಗಾಡಿ ಉಳಿಸಿದ್ದು ಸಾಲದೆಂದು ಅವನ ಒಂದು ಮಿಲಿಮೀಟರಿನ ಜಂಬವನ್ನೂ ಹಾಗೆಯೇ ಉಳಿಸಿಕೊಟ್ಟಿದ್ದ. ಮೇಲೆ ಮಗಳ ಪೆಟ್ಟಿಗೆಯಲ್ಲಿ ಬಣ್ಣ ಹೊಂದುವ ಬಾಟಲಿ ಹುಡುಕಿ ಗೆರೆ ಎಳೆದಿದ್ದ. ಕಳವು ಮುಚ್ಚಲಿಕ್ಕಲ್ಲ; ನೋಡಿದರೆ ಸಾಹೇಬ್ರಿಗೆ ಬೇಸರವಾದೀತು ಎಂದು.

ಕೇಶವಮೂರ್ತಿ ಗಾಡಿಯ ಅಡಿಯಲ್ಲಿ ಅಗತ್ಯಕ್ಕಿಂತ ಹೆಚ್ಚು ಹೊತ್ತು ತಲೆ ಇಟ್ಟುಕೊಂಡಿದ್ದ. ಅಲ್ಲಿ ಗ್ರೀಸಿನ ವಾಸನೆ ಇತ್ತು, ಕತ್ತಲಿತ್ತು, ಯಾರ ಮುಖವೂ ಇರಲಿಲ್ಲ. ಕಳ್ಳನಾಗಿದ್ದರೆ ಎಷ್ಟು ಚೆನ್ನಾಗಿತ್ತು.

"ಅಂಕಲ್, ಸೆವೆಂಟಿ ಎಯ್ಟ್‌ಗೆ ಸೆಟ್ ಮಾಡಿದ್ದು ಅಲ್ವಾ ನೀವು?" ಮೇಲಿನಿಂದ ವಿಕ್ರಂನ ದನಿ. ಹೆಲ್ಮೆಟ್ಟು ತೆಗೆದಿದ್ದನೆಂದು ತೋರುತ್ತದೆ. ಅವನು ದಡ್ಡನಲ್ಲ, ಆ ಕ್ಷಣದಲ್ಲಿ ದಡ್ಡನಾಗಿರಬಹುದಾಗಿತ್ತು ಅಷ್ಟೆ. "ಮತ್ತೆ ಲಾಸ್ಟ್ ಟೈಮ್ ಸ್ಕ್ರೂಟಿನಿ ಹೇಗೆ ಪಾಸ್ ಆಯ್ತು? ಆಗ್ಲೂ ನಾನು ಇಷ್ಟೇ ಇದ್ದೆ. ಆಲ್ಮೋಸ್ಟ್."

 ಕೇಶವಮೂರ್ತಿ ಎದ್ದು ನಿಂತ. ಮಂಡಿಗೆ ಅಂಟಿದ ಪೇಪರು ಕಿತ್ತು ಹಾಕಿದ. ನಾಲಿಗೆಯ ಮೇಲೆ ಎರಡು ವಾಕ್ಯಗಳಿದ್ದವು, ಎರಡೂ ಸಣ್ಣವು.

"ಸಾಹೇಬ್ರಿಗೆ ಗೊತ್ತಿತ್ತಲ್ರೀ," ಎಂದ ಅಣವೀರಪ್ಪ, ಬೇರಿಂಗಿಗೆ ಗ್ರೀಸು ತುಂಬುತ್ತ, ತಲೆಯೆತ್ತದೆ. "ನೀವು ದಪ್ಪ ಆಗೀರಿ ಅಂತ ಬಾಯಿಬಿಟ್ಟು ಹ್ಯಾಂಗ ಹೇಳೂದು. ಜ್ವಾಳಕ್ಕ ಬರೋಬ್ಬರಿ ಇಟ್ಟು, ಆಮ್ಯಾಲ ನಿಮ್ಮ ಸಲುವಾಗಿ ಬಲಕ್ಕ ಒಂದು ಸುತ್ತು ಏರಿಸ ಅಂದಿದ್ರು ನನಗ. ಏರಿಸಿದ್ನಿ."

ವಿಕ್ರಂ ಕೇಶವಮೂರ್ತಿಯ ಕಡೆ ತಿರುಗಿದ. ಈಗ ಅಲ್ಲ ಎನ್ನಬಹುದಿತ್ತು. ಅಲ್ಲ, ನನಗೆ ಗೊತ್ತಿರಲಿಲ್ಲ, ಇವನೇ ಮಾಡಿದ್ದು, ಐದಾರು ಶಬ್ದ. ಅವನಿಗೆ ತನ್ನ ದನಿ ಕೇಳಿಸಿತು, ಲ್ಯಾಬಿನಲ್ಲಿ ಟ್ರೈನಿಗಳಿಗೆ ಪಾಠ ಹೇಳುತ್ತಿದ್ದ ಅದೇ ನಿಧಾನದ, ಸ್ವಲ್ಪ ಬೇಸರ ಬೆರೆತ ದನಿ: "ನೋಡಪ್ಪ, ಗ್ರಾಹಕ ಹೇಳೋ ಅಂಕಿ ಬೇರೆ, ಇರೋ ಅಂಕಿ ಬೇರೆ. ಯಾವ ಇಂಜಿನಿಯರೂ ಹೇಳಿದ್ದನ್ನ ನಂಬಿ ಕೆಲಸ ಮಾಡಲ್ಲ. ಅಲೋವೆನ್ಸ್ ಅಂತ ಇಡ್ತಾನೆ. ಅದನ್ನ ಊರಿಗೆಲ್ಲ ಸಾರಲ್ಲ." ಹೇಳುತ್ತ ಹೇಳುತ್ತ ಅದು ಅವನಿಗೇ ನಿಜವೆನಿಸತೊಡಗಿತು, ಒಂದು ಹಂತದಲ್ಲಿ ಅವನು ಬೆರಳು ಕೂಡ ಎತ್ತಿದ.

"ವಾಹ್," ಎಂದ ವಿಕ್ರಂ. ಕೆಂಪು ಅಂಗಿಯ ಕೊರಳು ಸಡಿಲಿಸಿಕೊಂಡು ಗಾಡಿಯಿಂದ ಹೊರಗೆ ಬರುತ್ತ, ಕಂಬಿಗೆ ಮೊಣಕೈ ತಾಗಿಸಿಕೊಂಡು, "ಆ ರೋಹಿತ್ ನನ್ನ ವೆಯ್ಟ್ ಕೇಳಿ ಸ್ಪ್ರೆಡ್‌ಶೀಟ್‌ನಲ್ಲಿ ಹಾಕ್ದ ಅಷ್ಟೇ. ನಾನು ಅವನಿಗೂ ಸೆವೆಂಟಿ ಎಯ್ಟ್ ಅಂದಿದ್ದೆ. ಛೋಡೋ. ನೀವೇ ಇರಿ ಅಂಕಲ್. ನೆಕ್ಸ್ಟ್ ಸೀಸನ್ನೂ," ಎಂದ. ಆಮೇಲೆ ನೆನಪಿಸಿಕೊಂಡು, "ಏನೋ ಸೀರಿಯಸ್ ವಿಷ್ಯ ಹೇಳ್ಬೇಕು ಅಂದ್ರಲ್ಲ?"

"ಇದೇ," ಎಂದ ಕೇಶವಮೂರ್ತಿ. "ತೂಕ ಇಳಿಸು."

ಸಹಿ ಹಾಕಿದ ಕಾಗದ ತೆಗೆದುಕೊಂಡು, ಗಾಡಿಯ ಮುಂದೆ ಇಬ್ಬರದೂ ಒಂದು ಫೋಟೋ ತೆಗೆದುಕೊಂಡು, ಅಣವೀರಪ್ಪನನ್ನೂ ಕರೆದು, ಅವನು ಕೈ ಗ್ರೀಸಾಗೇತ್ರಿ ಎಂದದ್ದಕ್ಕೆ ಒತ್ತಾಯಿಸದೆ, ವಿಕ್ರಂ ಹೊರಟುಹೋದ. ಕೆರೆದ ಗೆರೆಗಳನ್ನು ಮತ್ತೆ ಹಚ್ಚಬೇಕಿತ್ತು. ಕೇಶವಮೂರ್ತಿ ತನ್ನ ಡಬ್ಬಿಯ ಚೀಲದಿಂದ ತನುಶ್ರೀಯ ಬಾಟಲಿ ತೆಗೆದು ಮುಚ್ಚಳ ತಿರುಗಿಸಿದ. ಒಳಗೆ ಬಣ್ಣ ಕಲ್ಲಾಗಿತ್ತು. ಕುಂಚ ಅದರಲ್ಲಿ ನೆಟ್ಟ ಕಡ್ಡಿಯಂತೆ ನಿಂತಿತ್ತು. ಅವನು ಅದನ್ನು ಅಲ್ಲಾಡಿಸುತ್ತಿರುವಾಗ ಅಣವೀರಪ್ಪ ದೇವರ ಪಟದ ಹಿಂದಿನಿಂದ ಮಿನುಗಿನ ಬಾಟಲಿ ತಂದು, ಲಾಟರಿಯವನು ಚೀಟಿ ಕೊಡುವಂತೆ ಕೊಟ್ಟ. ಆಮೇಲೆ ಟಾರ್ಚು ಹಿಡಿದು ಪಕ್ಕದಲ್ಲಿ ಕೂತ. ಕೇಶವಮೂರ್ತಿ ಗೆರೆ ಎಳೆಯುವ ನೆಪದಲ್ಲಿ ಕತ್ತು ತಿರುಗಿಸಿ ಅವನ ಮುಖ ಹುಡುಕಿದ. ಒಂದು ಚೂರು ತಿರಸ್ಕಾರ ಸಿಕ್ಕಿದ್ದರೂ ಸಾಕಾಗಿತ್ತು; ತುಟಿಯ ಕೊನೆಯಲ್ಲಿ, ಹುಬ್ಬಿನಲ್ಲಿ, ಎಲ್ಲಾದರೂ. ಹುಟ್ಟಿದಾಗಿನಿಂದ ತಾನು ಜಗತ್ತಿಗೆಲ್ಲ ಧಾರಾಳವಾಗಿ ಹಂಚಿದ್ದರಲ್ಲಿ ಒಂದು ಗುಲಗಂಜಿಯಷ್ಟು ವಾಪಸ್ಸು ಬಂದಿದ್ದರೆ ಅದನ್ನು ಹಿಡಿದುಕೊಂಡು ನೆಟ್ಟಗೆ ನಿಲ್ಲಬಹುದಿತ್ತು. ಅಣವೀರಪ್ಪ ನೋಡುತ್ತಿದ್ದದ್ದು ರಿಂಗನ್ನು. ಸಾಹೇಬರ ಕೈಯ ನೆರಳು ಗೆರೆಯ ಮೇಲೆ ಬೀಳದಂತೆ ಟಾರ್ಚನ್ನು ಒಂದಿಷ್ಟು ಓರೆ ಮಾಡಿದ.

ಎರಡೂ ಗೆರೆ ಮುಗಿದವು. ಹೊರಗೆ ಸುಂದ್ರವ್ವ ಸ್ಟೋವು ಆರಿಸಿ ತಟ್ಟೆ ತೊಳೆಯುತ್ತಿದ್ದಳು. ಎಣ್ಣೆಯ ಕಲೆಯ ಪೇಪರಿನ ಕೆಳಗಿನ ತಟ್ಟೆಯನ್ನು ಅವಳೇ ಬಂದು ಒಯ್ದಳು, ಒಳಗೇನಿದೆಯೆಂದು ನೋಡಲಿಲ್ಲ. ಅಣವೀರಪ್ಪ ಬದಿಗಿಟ್ಟಿದ್ದ ಚೀಲಗಳ ಹತ್ತಿರ ನಿಂತು ತಲೆ ಕೆರೆದುಕೊಂಡ.

"ಸಾಹೇಬ್ರ, ಮುಂದಿನ ಸಲಕ್ಕ ಸಣ್ಣ ಚೀಲದಾಗ ಹನ್ನೊಂದು ಕಿಲೋ ಹೆಚ್ಚಿಗಿ ಹಾಕಿ ಇಡ್ಲ್ಯಾ? ಇಲ್ಲಾಂದ್ರ ಇದ್ದಷ್ಟ ಇರ್ಲ್ಯಾ?"

ಸಣ್ಣ ಚೀಲದಲ್ಲಿ ಹನ್ನೊಂದು ಕಿಲೋ ಹೆಚ್ಚಿಗೆ ಹಾಕಿದರೆ ದೊಡ್ಡ ಚೀಲದ ಮೇಲಿನ ಎಪ್ಪತ್ತೆಂಟನ್ನು ಹೊಡೆದು ಎಂಬತ್ತೊಂಬತ್ತು ಬರೆಯಬೇಕು, ಅಳತೆಯ ಪುಸ್ತಕದ ಅಂಕಿಗಳನ್ನು ತಿದ್ದಬೇಕು, ಹೋದ ತಿಂಗಳಿನದನ್ನೂ. ಮಾರ್ಕರು ಅವನ ಜೇಬಿನಲ್ಲೇ ಇತ್ತು. ಕೇಶವಮೂರ್ತಿ ಇಸ್ತ್ರಿ ಕೆಟ್ಟ ಅಂಗಿಯ ತೋಳು ಕೆಳಗೆ ಎಳೆದುಕೊಂಡು, ಡಬ್ಬಿಯ ಚೀಲ ಹೆಗಲಿಗೇರಿಸಿಕೊಂಡು, ಶೆಟರಿನವರೆಗೆ ಹೋಗಿ ನಿಂತ.

"ಇರ್ಲಿ," ಎಂದ. "ಇದ್ದಷ್ಟೇ ಇರ್ಲಿ."

"ಆತ್ರಿ ಸಾಹೇಬ್ರ," ಎಂದ ಅಣವೀರಪ್ಪ, ಮಿನುಗಿನ ಬಾಟಲಿಯ ಮುಚ್ಚಳ ಗಟ್ಟಿಯಾಗಿದೆಯೇ ಎಂದು ಒಮ್ಮೆ ತಿರುಗಿಸಿ ನೋಡಿ, ಅದನ್ನು ಪಟದ ಹಿಂದೆ, ಇದ್ದ ಜಾಗದಲ್ಲೇ ಇಟ್ಟ.